ಬಕ್ಕಪ್ಪನ ಎಡಗೈ

ನಿದ್ದೆಯಲ್ಲಿದ್ದ ಪ್ರಯಾಣಿಕರನ್ನು ಎಬ್ಬಿಸದೆ ಬಸ್ಸು ಓಡಿಸುವ ಡ್ರೈವರನೊಬ್ಬ ನಮ್ಮ ಕಡೆ ಇದ್ದ ಎಂದರೆ ಈಗಿನವರು ನಗುತ್ತಾರೆ. ನಗಲಿ. ಹುಮನಾಬಾದಿನಿಂದ ಮುಡಬಿಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ಅಷ್ಟೂ ವರ್ಷ ನನ್ನ ಬೆಳಗಿನ ನಿದ್ದೆ ಪೂರ್ತಿಯಾದದ್ದು ಬಕ್ಕಪ್ಪನ ಬೆನ್ನ ಹಿಂದಿನ ಸೀಟಿನಲ್ಲಿ. ರಾಜೇಶ್ವರ ಯಾವಾಗ ಬಂತು, ಸಸ್ತಾಪುರದ ಬಂಗ್ಲಾ ಯಾವಾಗ ದಾಟಿತು ಒಂದೂ ತಿಳಿಯುತ್ತಿರಲಿಲ್ಲ. ನಡುವೆ ಕಣ್ಣು ಬಿಟ್ಟರೆ ಕಿಟಕಿಯಾಚೆ ಬಸವಕಲ್ಯಾಣದ ಕೋಟೆ ಮಂಜಿನಲ್ಲಿ ಅರ್ಧ ಎದ್ದು ಕೂತಿರುತ್ತಿತ್ತು, ನನ್ನ ಹಾಗೆಯೇ. ಮತ್ತೆ ಕಣ್ಣು ಮುಚ್ಚಿ ತೆರೆದರೆ ಮುಡಬಿ.

ಬಕ್ಕಪ್ಪ ಮೋರಖಂಡಿಯವನು. ನನಗಿಂತ ಎಷ್ಟೋ ದೊಡ್ಡವನು, ಆದರೂ ‘ಅವನು’ ಎಂದೇ ಬರೆಯುತ್ತೇನೆ. ಮನಸ್ಸಿಗೆ ಹತ್ತಿರದವರನ್ನು ಬಹುವಚನದಲ್ಲಿ ದೂರ ಕೂರಿಸುವುದು ನನಗೆ ಆಗದು. ಎತ್ತರದ ಆಳು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಖಾಕಿ ಅಂಗಿಯೊಳಗೆ ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಆ ಪುಟ್ಟ ಡಬ್ಬಿಯೊಳಗೆ ಅವನ ಇಷ್ಟಲಿಂಗ. ಹುಟ್ಟಿದ ಕೂಸಿಗೆ ಅಯ್ಯನವರು ಕಟ್ಟಿದ್ದು, ಮೈಯಿಂದ ಒಂದು ಗಳಿಗೆಯೂ ಅಗಲಬಾರದು ಎಂಬುದು ಅವನ ಮನೆತನದ ನೇಮ. ಬಸ್ಸು ಹೊರಡಿಸುವ ಮುಂಚೆ ಎಡಗೈಯನ್ನು ಅಂಗಿಯ ಮೇಲೆ ಅದು ಇರುವ ಜಾಗಕ್ಕೆ ಒಮ್ಮೆ ಮುಟ್ಟಿಸುತ್ತಿದ್ದ. ಆಮೇಲೆ ಗೇರು.

ಹುಡುಗನಾಗಿದ್ದಾಗ ನಿಜಾಮರ ಕಾಲದ ಬಸ್ಸಿಗೆ ಕ್ಲೀನರನಾಗಿ ಸೇರಿದವನು. ಐವತ್ತಾರರ ಆ ಕಥೆಯನ್ನು ಅವನ ಬಾಯಿಂದ ಎಷ್ಟು ಸಲ ಕೇಳಿದ್ದೇನೋ. ರಾಜ್ಯಗಳನ್ನು ಹೊಸದಾಗಿ ಹಂಚಿದರಲ್ಲ, ಅದರ ಹಿಂದಿನ ದಿನ ಅವನು ಬಸ್ಸಿನ ಟಾಪಿನ ಮೇಲೆ ಮಲಗಿದ್ದನಂತೆ. “ಹೈದರಾಬಾದ್ ರಾಜ್ಯದಾಗ ಮಲಗ್ದೆ ಬಾಯಾರ, ಮೈಸೂರು ರಾಜ್ಯದಾಗ ಎದ್ದೆ. ಗಾಡಿ ಮಾತ್ರ ನಿಂತಲ್ಲೇ ನಿಂತಿತ್ತು” ಎಂದು ಹೇಳಿ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಿದ್ದ, ನಕ್ಕೆನೋ ಇಲ್ಲವೋ ಎಂದು. ನಾನು ನಗದಿದ್ದರೆ ಮರುದಿನ ಮತ್ತೆ ಹೇಳುತ್ತಿದ್ದ. ಬಾಯಾರ ಎಂದರೆ ನಮ್ಮ ಕಡೆ ಪಾಠ ಹೇಳುವ ಹೆಂಗಸು.

ಅವನಿಗೆ ರಸ್ತೆ ಎಂದರೆ ಕನಸಿನ ಸಾಮಾನು. ತೊಗರಿ ಹೂಬಿಟ್ಟ ತಿಂಗಳಲ್ಲಿ ಎರಡೂ ಕಡೆ ಹಳದಿ ಹಾಸಿಕೊಂಡಿರುವಾಗ ಬಸ್ಸು ತಾನೇ ತೇಲುತ್ತದೆ, ತಾನು ಸುಮ್ಮನೆ ಸ್ಟೇರಿಂಗು ಹಿಡಿದು ಕೂತಿರುತ್ತೇನೆ ಎನ್ನುತ್ತಿದ್ದ. ಮನೆಯಲ್ಲಿ ಮಲಗಿದಾಗಲೂ ಅವನ ಕಾಲು ಬ್ರೇಕು ಒತ್ತುತ್ತದೆಂದು ಹೆಂಡತಿ ಲಲಿತಾಬಾಯಿ ನನ್ನೆದುರು ದೂರು ಹೇಳಿದ್ದಳು. “ನನ್ನ ಕಾಲಿನ ಪಿಂಡರಿಗೆ ಒದಿತಾರ್ರಿ, ಕೇಳಿದ್ರ ಎಮ್ಮಿ ಅಡ್ಡ ಬಂತು ಅಂತಾರ!”

ಎಪ್ಪತ್ತರ ದಶಕದ ನಡುವಿನ ಒಂದು ಶ್ರಾವಣ ಸೋಮವಾರ ಈ ಕನಸಿಗೆ ಕಲ್ಲು ಬಿತ್ತು. ಉಪವಾಸವಿದ್ದ ಬಕ್ಕಪ್ಪ ಕಲ್ಯಾಣದ ನಿಲ್ದಾಣದಲ್ಲಿ ಬಸ್ಸಿನಿಂದಿಳಿದವನು ಕಣ್ಣಿಗೆ ಕತ್ತಲೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ನೀರು ಕುಡಿದು ಎದ್ದ, ಅಷ್ಟೇ. ಆದರೆ ನೋಡಿದ ಯಾರೋ ಪುಣ್ಯಾತ್ಮರು ಡಿಪೋದವರೆಗೆ ಸುದ್ದಿ ಮುಟ್ಟಿಸಿದರು. ಸಾಹೇಬರು ಕರೆದು, ಎದೆಯ ಇಸಿಜಿ ಪಟ್ಟಿ ತೆಗೆಸಿಕೊಂಡು ಬಾ, ಡಾಕ್ಟರು ಸರಿ ಎಂದರೆ ಸ್ಟೇರಿಂಗು, ಇಲ್ಲದಿದ್ದರೆ ನಿವೃತ್ತಿಯವರೆಗೆ ಚೌಕಶಿ ಖಿಡಕಿ ಎಂದರು. ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ಕೇಳುವವರಿಗೆ ಉತ್ತರ ಹೇಳುವ ಕಿಟಕಿ ಅದು. ಬಕ್ಕಪ್ಪನನ್ನು ಅಲ್ಲಿ ಕೂರಿಸುವುದೂ ಒಂದೇ, ಬಸವಣ್ಣನನ್ನು ಬಿಸ್ಕೀಟು ಮಾರಲು ಹಚ್ಚುವುದೂ ಒಂದೇ. ನಾನು ಹೇಳುವುದು ಕೊಟ್ಟಿಗೆಯ ಬಸವಣ್ಣನನ್ನು.

ಎದೆಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಆ ಯಂತ್ರ ಆಗ ಹುಮನಾಬಾದಿನಲ್ಲಿದ್ದದ್ದು ಡಾಕ್ಟರ್ ಸಲಾವುದ್ದೀನರ ದವಾಖಾನೆಯಲ್ಲಿ ಮಾತ್ರ. ಹೈದರಾಬಾದಿನಿಂದ ಹಳೆಯದನ್ನು ತಂದಿದ್ದರು. ಅದನ್ನು ನಡೆಸುತ್ತಿದ್ದವಳು ಲತೀಫಾ, ಅವರ ನರ್ಸು, ಮೆಲ್ಲಗೆ ಮಾತಾಡುವ ಹೆಣ್ಣು. ಬಕ್ಕಪ್ಪ ತನ್ನ ಕಂಡಕ್ಟರ್ ದೇವಿದಾಸನನ್ನು ಕರೆದುಕೊಂಡು ಹೋದ. ಆ ಹೊತ್ತಿಗೆ ಡಾಕ್ಟರು ಹೆರಿಗೆಯೊಂದಕ್ಕೆ ಹೋಗಿದ್ದರು. ಲತೀಫಾ ಪಟ್ಟಿ ತೆಗೆದಿಟ್ಟಳು. ಡಾಕ್ಟರು ಸಂಜೆ ಬಂದು, ಆಳನ್ನು ನೋಡದೆ ಪಟ್ಟಿಯನ್ನಷ್ಟೇ ನೋಡಿ ಚೀಟಿ ಬರೆದರು. ಎದೆಯ ಲಯದ ಬಗ್ಗೆ ಸಂಶಯವಿದೆ, ಇನ್ನೊಮ್ಮೆ ನೋಡುವತನಕ ವಾಹನ ಓಡಿಸಬಾರದು.

ಬಕ್ಕಪ್ಪ ಖಿಡಕಿಯ ಹಿಂದೆ ಕೂತ. ಅವನ ಜಾಗಕ್ಕೆ ಬಂದ ಹೊಸ ಡ್ರೈವರನ ಬಗ್ಗೆ ನಾನು ಒಳ್ಳೆಯದು ಬರೆಯಲಾರೆ. ಮೊದಲ ದಿನವೇ ನನ್ನ ಹಣೆ ಮುಂದಿನ ಸರಳಿಗೆ ಬಡಿಯಿತು. ಸಿಟ್ಟಿನಲ್ಲಿ ಇಳಿದು ಚೌಕಶಿ ಖಿಡಕಿಗೆ ಹೋದರೆ ಅಲ್ಲಿ ಬಕ್ಕಪ್ಪ, ಗೋಡೆಯನ್ನು ನೋಡುತ್ತ ಕೂತಿದ್ದಾನೆ. ಮೇಜಿನ ಕೆಳಗೆ ಅವನ ಬಲಗಾಲು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

“ಎದಿ ನಡಗಾಕತ್ತದಂತರಿ ಬಾಯಾರ,” ಎಂದ. “ನನಗ ಗೊತ್ತೇ ಆಗಿಲ್ಲ ನೋಡ್ರಿ. ನನ್ನ ಒಳಗ ನಡಗೂದು ನನಗೇ ಗೊತ್ತಿಲ್ಲಂದ್ರ, ಗಾಡಿಯಾಗ ಕುಂತ ಮಂದಿ ಜೀವ ಹ್ಯಾಂಗ ಹಿಡಿಲಿ?”

ಅಂಥ ಗಟ್ಟಿ ಆಳು ಕೆಲವೇ ದಿನಗಳಲ್ಲಿ ನೆಲಕ್ಕೆ ನೋವಾಗುತ್ತದೆಯೇನೋ ಎಂಬಂತೆ ನಡೆಯತೊಡಗಿದ. ಲಲಿತಾಬಾಯಿ ನೀರಿನ ಕೊಡ ಮುಟ್ಟಗೊಡಲಿಲ್ಲ. ಎಡ ಮಗ್ಗುಲಲ್ಲಿ ಮಲಗಿದರೆ ಎದೆಗೆ ಭಾರವಾದೀತೆಂದು ಬಲ ಮಗ್ಗುಲಲ್ಲೇ ಮಲಗುತ್ತಿದ್ದ. ಕನಸಿನಲ್ಲಿ ಬಸ್ಸು ಅವನನ್ನು ಬಿಟ್ಟು ಹೋಗುತ್ತಿತ್ತಂತೆ. ತೊಗರಿ ಹೊಲದ ನಡುವೆ ಅದು ತೇಲಿ ಹೋಗುವಾಗ ಇವನು ಹಿಂದೆ ನಿಂತು ಕೈ ಎತ್ತುತ್ತಾನೆ, ಒಳಗಿನವರು ಯಾರೂ ತಿರುಗುವುದಿಲ್ಲ. ಇದನ್ನು ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳಂತೆ ಚೀಲದಲ್ಲಿ ಏನೋ ಹುಡುಕಿದೆ.

ಇನ್ನೊಮ್ಮೆ ತೋರಿಸುವ ದಿನ ಬಂದಾಗ ನನ್ನನ್ನು ಜೊತೆಗೆ ಕರೆದ. “ನೀವು ಸೈನ್ಸ್ ಹೇಳ್ತೀರಿ. ಆ ಕಾಗದದಾಗ ಏನದ ಅಂತ ನನಗ ಖರೇ ಖರೇ ಹೇಳ್ರಿ.” ಸೈನ್ಸ್ ಹೇಳುತ್ತಿದ್ದೆ, ನಿಜ. ಹೃದಯಕ್ಕೆ ನಾಲ್ಕು ಕೋಣೆ ಎಂದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸಿದ್ದೆ. ಆ ನಾಲ್ಕು ಕೋಣೆಯಲ್ಲಿ ಯಾರಿದ್ದಾರೆ ಎಂದು ಕೇಳಿದ್ದರೆ ನನಗೂ ತಿಳಿಯದು. ಆದರೂ ಹೂಂ ಎಂದೆ.

ಡಾಕ್ಟರ್ ಸಲಾವುದ್ದೀನರು ಆ ಮಧ್ಯಾಹ್ನ ಬಿಡುವಾಗಿದ್ದರು. ಹೊರಗೆ ಮೋಡ ಕವಿದಿತ್ತು, ಹುಮನಾಬಾದಿನ ಬಜಾರಿನ ಗದ್ದಲವೆಲ್ಲ ಹತ್ತಿಯಲ್ಲಿ ಸುತ್ತಿಟ್ಟಂತೆ ದೂರ ಕೇಳುತ್ತಿತ್ತು. ಮೊದಲ ಸಲದ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿದರು. ಸಣ್ಣ ಸಣ್ಣ ಚೌಕಗಳ ಗುಲಾಬಿ ಕಾಗದ, ಅದರ ಮೇಲೆ ಕಪ್ಪು ಗೆರೆ. ಬಕ್ಕಪ್ಪ ಜಾತಕ ನೋಡುವವನಂತೆ ಬಗ್ಗಿ ನೋಡಿದ.

“ಡಾಕ್ಟರ್ ಸಾಬ್, ಇದನ್ನ ಹ್ಯಾಂಗ ಓದೂದರಿ?” ನಾನೇ ಕೇಳಿದೆ.

ಅವರಿಗೆ ಕೇಳುವವರು ಸಿಕ್ಕಿದ್ದೇ ಖುಷಿ. ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. “ಇದು ಸಾಫ್ ಅದ, ಇದರಾಗ ನೋಡ್ರಿ. ಎಡದಿಂದ ಬಲಕ್ಕ ಹೋಗ್ಬೇಕು. ಮೊದಲಿಗೆ ಸಪಾಟು. ಆಮೇಲೆ ಈ ಸಣ್ಣ ಉಬ್ಬು. ಮ್ಯಾಲಿನ ಎರಡು ಸಣ್ಣ ಕೋಣಿಗೆ ಹುಕುಂ ಮುಟ್ಟಿತು, ಅವು ರಕ್ತ ಕೆಳಗ ನೂಕಿದ್ವು. ಜರಾ ತಡ. ಆಮೇಲೆ ಈ ಎತ್ತರದ ಚೂಪು. ಕೆಳಗಿನ ಎರಡು ದೊಡ್ಡ ಕೋಣಿಗೆ ಹುಕುಂ ಹೋಯ್ತು, ಮೈತುಂಬ ರಕ್ತ ಕಳಿಸಿದ್ವು. ಕೈ ಹಿಡಿದ್ರ ನಾಡಿ ಅಂತೀವಲ್ಲ, ಅದು ಇದರ ಬೆನ್ನಿಗೆ ಬರ್ತದ. ಆಮೇಲೆ ಈ ಅಗಲ ದಿಬ್ಬ. ದೊಡ್ಡ ಕೋಣಿ ಮುಂದಿನ ಬಡಿತಕ್ಕ ತಯಾರ್ ಆಗೂದು. ಮತ್ತ ಸಪಾಟು.”

“ಸಪಾಟು ಇದ್ದಾಗ ನಿಂತಿರ್ತದೇನ್ರಿ?” ಬಕ್ಕಪ್ಪನ ದನಿ ಹೆದರಿತ್ತು.

“ದಮ್ ತಗೋತದ. ಪ್ರತಿ ಬಡಿತದ ನಡುವ ದಿಲ್ ಆರಾಮ್ ಮಾಡ್ತದ. ದಿನದಾಗ ದುಡಿದದ್ದಕ್ಕಿಂತ ಆರಾಮೇ ಜಾಸ್ತಿ.”

ಬಕ್ಕಪ್ಪ ಗೆರೆಯ ಮೇಲೆ ಮುಟ್ಟದೆ ಬೆರಳಾಡಿಸಿದ. ಸಪಾಟು, ಸಣ್ಣ ಉಬ್ಬು, ಚೂಪು, ದಿಬ್ಬ, ಸಪಾಟು. ಅವನ ಮುಖ ಬಹಳ ದಿನದ ಮೇಲೆ ಸಡಿಲಾಯಿತು. “ಇದು ನಮ್ಮ ರಸ್ತಾನ ಆಯ್ತಲ್ರಿ,” ಎಂದ. “ರಾಜೇಶ್ವರ ದಾಟಿದ ಮ್ಯಾಲ ಒಂದು ಸಣ್ಣ ಏರು, ಆಮೇಲೆ ದೊಡ್ಡದು...” ಹೇಳುತ್ತ ಹೇಳುತ್ತ ಅವನು ದವಾಖಾನೆಯಲ್ಲಿರಲಿಲ್ಲ, ಎಲ್ಲೋ ತೊಗರಿ ಹೊಲದ ಮಗ್ಗುಲಲ್ಲಿದ್ದ. ನಾವು ಮೂವರೂ ಆ ಗೆರೆಯ ಮೇಲೆ ಒಂದಿಷ್ಟು ದೂರ ಹೋದೆವು.

ನಾನೇ ಮೊದಲು ಇಳಿದೆ. “ಈ ಸಾಲು ಇಷ್ಟು ಚೆಂದ ಇದ್ರ ಸಂಶಯ ಎಲ್ಲಿಂದ ಬಂತ್ರಿ?”

ಡಾಕ್ಟರು ಮೊದಲನೆಯ ಸಾಲು ತೋರಿಸಿದರು. ಅಲ್ಲಿ ಸಪಾಟು ಎಂಬುದೇ ಇರಲಿಲ್ಲ. ಗೆರೆಯ ತುಂಬ ಸಣ್ಣ ಸಣ್ಣ ಮುಳ್ಳು ಎದ್ದಿದ್ದವು. ಸಣ್ಣ ಉಬ್ಬು ಅವುಗಳಲ್ಲಿ ಮುಳುಗಿಹೋಗಿತ್ತು. ಮೇಲಿನ ಕೋಣೆಗಳು ಹುಕುಮು ಮರೆತು ಸುಮ್ಮನೆ ಕಂಪಿಸುವ ಒಂದು ಕಾಯಿಲೆಯಿದೆ, ಅದರಲ್ಲೂ ಆ ಉಬ್ಬು ಕಾಣುವುದಿಲ್ಲ, ಗೆರೆ ಹೀಗೆಯೇ ನಡುಗುತ್ತದೆ ಎಂದರು. ಆಮೇಲೆ ಅವರೇ ಹುಬ್ಬು ಗಂಟಿಕ್ಕಿದರು. ಒಂದು ಕಾಗದದ ತುಂಡು ಹರಿದು, ಅದರ ಅಂಚನ್ನು ಮೊದಲ ಸಾಲಿನ ಎತ್ತರದ ಚೂಪುಗಳ ಕೆಳಗೆ ಹಿಡಿದು ಗುರುತು ಹಾಕಿದರು. ತುಂಡನ್ನು ಸರಿಸಿ ನೋಡಿದರು. ಮತ್ತೆ ಸರಿಸಿದರು.

“ಆ ಕಾಯಿಲೆ ಇದ್ದಿದ್ರ ಚೂಪುಗಳ ನಡುವಿನ ಅಂತರ ಹಿಂದ ಮುಂದ ಆಗ್ಬೇಕಿತ್ತು. ಇಲ್ಲಿ ಎಲ್ಲಾ ಬರಾಬರಿ ಅದ. ಆ ದಿನ ದಣಿದು ಬಂದು ಮೊದಲನೇ ಸಾಲು ನೋಡಿ ಹೆದರಿಬಿಟ್ಟೆ. ನಂದು ತಪ್ಪಾಯ್ತು.” ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡ ಡಾಕ್ಟರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಪ್ರೀತಿ. ಅವರು ಮೂರನೆಯ ಸಾಲು ನೋಡಿದರು. ಅಲ್ಲೂ ಮುಳ್ಳು. “ಒಂದನೇದು ನಡಗ್ಯಾದ, ಎರಡನೇದು ಸಾಫ್, ಮೂರನೇದು ನಡಗ್ಯಾದ. ದಿಲ್ ಅಂತೂ ಒಂದೇ!”

ನನ್ನ ಕಡೆ ತಿರುಗಿ ಬಿಡಿಸಿ ಹೇಳಿದರು. ಯಂತ್ರದ ತಂತಿಗಳನ್ನು ಎರಡು ಮಣಿಕಟ್ಟಿಗೆ, ಎರಡು ಕಾಲಿಗೆ ಕಟ್ಟುತ್ತಾರೆ. ಬಲಗಾಲಿನದು ಬರೀ ನೆಲದ ತಂತಿ, ಲೆಕ್ಕಕ್ಕಿಲ್ಲ. ಉಳಿದ ಮೂರು ಕಡೆಯಿಂದ ಯಂತ್ರ ಅದೇ ಹೃದಯವನ್ನು ನೋಡುತ್ತದೆ. ಮೊದಲನೆಯ ಸಾಲು ಎರಡೂ ಕೈಗಳ ನಡುವೆ ನೋಡಿದ್ದು. ಎರಡನೆಯದು ಬಲಗೈ ಮತ್ತು ಎಡಗಾಲಿನ ನಡುವೆ. ಮೂರನೆಯದು ಎಡಗೈ ಮತ್ತು ಎಡಗಾಲಿನ ನಡುವೆ.

ಮಕ್ಕಳಿಗೆ ಲೆಕ್ಕ ಹೇಳಿ ಹೇಳಿ ಸವೆದ ತಲೆ ನನ್ನದು, ಅದೇ ಒಮ್ಮೆ ಕೆಲಸಕ್ಕೆ ಬಂತು. “ಹಂಗಾದ್ರ ಸಾಫ್ ಬಂದ ಸಾಲಿನಾಗ ಎಡಗೈ ಒಂದೇ ಇಲ್ಲಲ್ರಿ?”

ಡಾಕ್ಟರು ಬಕ್ಕಪ್ಪನ ಕಡೆ ನೋಡಿದರು. “ಆ ದಿನ ಎಡಗೈಲೆ ಏನು ಮಾಡ್ತಿದ್ರಿ?”

ಬಾಗಿಲ ಹತ್ತಿರ ನಿಂತಿದ್ದ ಲತೀಫಾ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಹೇಳಿದಳು. ಎದೆಯ ಮೇಲೂ ರಬ್ಬರಿನ ಬಟ್ಟಲು ಹಚ್ಚಬೇಕಿತ್ತು, ಬೆಳ್ಳಿಯ ಡಬ್ಬಿ ಅಡ್ಡ ಬರುತ್ತಿತ್ತು, ಅದಕ್ಕೆ ತೆಗೆಯಲು ಹೇಳಿದ್ದಳು. ಅವನು ಡಬ್ಬಿಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿ ಹಿಡಿದುಕೊಂಡ. ಹಿಡಿದುಕೊಂಡು ಕೈಯನ್ನು ಹಾಸಿಗೆಯಿಂದ ಮೇಲೆತ್ತಿದ. ಎಲ್ಲಾ ಸಾಲು ಬರೆದು ಮುಗಿಯುವತನಕ ಹಾಗೇ ಎತ್ತಿಕೊಂಡಿದ್ದ.

“ಕೈ ಕೆಳಗ ಇಡ್ರಿ ಅನ್ಬೇಕಂತ ಬಾಯಿಗೆ ಬಂದಿತ್ತು ಸಾಬ್,” ಎಂದಳು. “ಅವರ ದೇವರು ಕೈಯಾಗ ಇತ್ತು. ಕೆಳಗ ಇಡ್ರಿ ಅಂತ ನಾ ಹ್ಯಾಂಗ ಅನ್ಲಿ?”

ಆ ದೇವರ ವಿಷಯ ಡಾಕ್ಟರಿಗೆ ಹೇಳುವುದೂ ಅವಳಿಗೆ ಸರಿ ಕಂಡಿರಲಿಲ್ಲ. ಇವನಿಗೂ ಕಂಡಿರಲಿಲ್ಲ. ಇಬ್ಬರ ಮರ್ಯಾದೆಯ ನಡುವೆ ಸಿಕ್ಕಿ ಒಬ್ಬ ಡ್ರೈವರನ ಬಾಳು ಖಿಡಕಿಯ ಹಿಂದೆ ಕೂತಿತ್ತು. ನನಗೆ ಇಬ್ಬರನ್ನೂ ಗದರಿಸಬೇಕು ಅನ್ನಿಸಿತು.

“ಎತ್ತಿದ್ದು ಯಾಕ?” ಡಾಕ್ಟರು ಮೆಲ್ಲಗೆ ಕೇಳಿದರು.

“ಕರೆಂಟ್ ತಾಕಬಾರ್ದಂತರಿ.” ಬಕ್ಕಪ್ಪ ತಲೆ ತಗ್ಗಿಸಿದ. “ಸೊಲ್ಲಾಪುರದಾಗ ಯಾರಿಗೋ ಹಿಂಗೇ ತಂತಿ ಕಟ್ಟಿ ಕರೆಂಟ್ ಬಿಟ್ಟಾರಂತ ದೇವಿದಾಸ ಹೇಳಿದ್ದ. ನನಗ ಬಿಡ್ಲಿ, ತಡಕೋತೀನಿ. ಅದಕ್ಕ ಹ್ಯಾಂಗ ಹಾಯಿಸ್ಲಿ? ಮಣಿಕಟ್ಟಿಗೇ ತಂತಿ ಕಟ್ಟಿದ್ರು. ಅದಕ್ಕೇ ಮಷೀನಿನಿಂದ ಎಷ್ಟು ಆಗ್ತದ ಅಷ್ಟು ದೂರ ಎತ್ತಿ ಹಿಡ್ದೆ. ಕೈ ಸೋತಿತ್ತು ಖರೇ. ಬಿಡಲಿಲ್ಲ.”

ಡಾಕ್ಟರು ಕುರ್ಚಿ ಎಳೆದು ಅವನ ಎದುರಿಗೆ ಕೂತರು. “ಸೋತ ಕೈಯ ನಡುಕ ಇದು, ದಿಲ್‌ದು ಅಲ್ಲ. ಮತ್ತ ಇನ್ನೊಂದು ಮಾತು ಕೇಳ್ರಿ. ಈ ಮಷೀನು ನಿಮಗ ಏನೂ ಕೊಡೂದಿಲ್ಲ. ಬಿಲ್ಕುಲ್ ಇಲ್ಲ. ಬರೇ ಕೇಳ್ತದ.”

“ಮತ್ತ ಗೆರಿ ಬರಿಯಾಕ ಕರೆಂಟ್ ಎಲ್ಲಿಂದ ಬರ್ತದರಿ?”

“ಗೆರಿ ಬರಿಯೂ ಮುಳ್ಳು ಆಡಿಸಾಕ ಗ್ವಾಡಿ ಪ್ಲಗ್ಗಿಂದು. ಆದ್ರ ಮುಳ್ಳು ಹ್ಯಾಂಗ ಆಡಬೇಕು ಅಂತ ಹೇಳೂದು ನಿಮ್ಮ ಎದಿಯೊಳಗಿಂದು. ಪ್ರತಿ ಬಡಿತಕ್ಕ ಹುಕುಂ ಅಂದೆನಲ್ಲ, ಅದು ಸಣ್ಣ ಕರೆಂಟೇ. ದಿಲ್ ತಾನೇ ಹುಟ್ಟಸ್ತದ. ಅಲ್ಲಿಂದ ಮೈತುಂಬ ಹರಡಿ ಚರ್ಮದ ಮ್ಯಾಲಿನ ತನಕ ಬರ್ತದ. ತಾಯಿ ಹೊಟ್ಟೆಯಾಗ ಇದ್ದಾಗಿಂದ.”

ಬಕ್ಕಪ್ಪನ ಬಾಯಿ ಅರ್ಧ ತೆರೆದಿತ್ತು. ಅವನ ಊರಿನ ಮನೆಗೆ ಕರೆಂಟು ಬಂದು ಇನ್ನೂ ಕೆಲವು ವರ್ಷವಾಗಿತ್ತಷ್ಟೆ. ಎಡಗೈ ತಾನಾಗಿ ಎದೆಯ ಮೇಲಿನ ಕರಡಿಗೆಗೆ ಹೋಯಿತು.

“ಹಂಗಾದ್ರ,” ಎಂದ, ದನಿ ಎಲ್ಲಿಂದಲೋ ಬಂದಂತಿತ್ತು, “ಇದು ನಾ ಹುಟ್ಟಿದಾಗಿಂದ ಆ ಕರೆಂಟಿನ ಮ್ಯಾಲೇ ಕುಂತದೇನ್ರಿ?”

ಸೈನ್ಸ್ ಹೇಳುವ ಬಾಯಾರ ಕಣ್ಣಲ್ಲಿ ನೀರು ಬಂತು, ಯಾಕೆ ಮುಚ್ಚಿಡಲಿ.

ಅವನೇ ಎದ್ದು ಹಾಸಿಗೆಯ ಮೇಲೆ ಮಲಗಿದ. ಡಬ್ಬಿ ಬಿಚ್ಚಿ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡ. ಲತೀಫಾ ಉಪ್ಪುನೀರಿನ ಹತ್ತಿ ಒರೆಸಿ, ತಗಡುಗಳನ್ನಿಟ್ಟು, ಮಣಿಕಟ್ಟಿಗೂ ಕಾಲಿಗೂ ರಬ್ಬರಿನ ಪಟ್ಟಿ ಬಿಗಿದಳು. ಬಕ್ಕಪ್ಪ ಕೈಯನ್ನು ನಿಧಾನವಾಗಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಹಾಕುವವನಂತೆ ಕೆಳಗಿಳಿಸಿದ. ತಂತಿಯ ಪಕ್ಕದಲ್ಲೇ ಅಂಗೈ ತೆರೆದು ಹಾಸಿಗೆಯ ಮೇಲೆ ಬಿಟ್ಟ. ಬೆರಳುಗಳು ಒಂದೊಂದಾಗಿ ಸಡಿಲಾದವು. ಕಣ್ಣು ಮುಚ್ಚಿದ.

ಯಂತ್ರ ಗುಂಯ್‌ಗುಟ್ಟಿತು. ಕಾಗದ ಹೊರಬರತೊಡಗಿತು. ಮೊದಲನೆಯ ಸಾಲು: ಸಪಾಟು, ಸಣ್ಣ ಉಬ್ಬು, ಚೂಪು, ದಿಬ್ಬ, ಸಪಾಟು. ಎರಡನೆಯದೂ ಹಾಗೇ. ಮೂರನೆಯದು ಬರುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಒಂದು ಮುಳ್ಳೂ ಇರಲಿಲ್ಲ. ಎದೆಯ ಬಟ್ಟಲುಗಳ ಸಾಲುಗಳೂ ಒಂದರ ಹಿಂದೊಂದು ಸಮಾಧಾನವಾಗಿ ಬಂದವು. ಲತೀಫಾ ತಂತಿ ಬಿಚ್ಚಲು ಹೋದರೆ ಬಕ್ಕಪ್ಪ ನಿದ್ದೆ ಹೋಗಿದ್ದ, ಎಡ ಮಗ್ಗುಲಿಗೆ ಒಂಚೂರು ವಾಲಿಕೊಂಡು. ಅವನ ಬಲಗಾಲು ಒಮ್ಮೆ ಅಲುಗಿತು. ಎಮ್ಮೆ ಅಡ್ಡ ಬಂದಿರಬೇಕು. ಸ್ವಲ್ಪ ಹೊತ್ತು ಮಲಗಲಿ ಎಂದು ಡಾಕ್ಟರೇ ಅಂದರು. ತಲೆ ಸುತ್ತಿದ್ದು ಉಪವಾಸಕ್ಕೆ, ಗಾಡಿ ಓಡಿಸುವ ದಿನ ಹಸಿದಿರಬಾರದು, ಉಳಿದಂತೆ ವಾಹನ ಓಡಿಸಲು ಅಡ್ಡಿಯಿಲ್ಲ ಎಂದು ಚೀಟಿ ಬರೆದರು.

ಮುಂದಿನ ಸೋಮವಾರ ನಾನು ನಿಲ್ದಾಣಕ್ಕೆ ಎಂದಿನಂತೆ ತಡವಾಗಿ ಓಡಿಬಂದೆ. ಬಸ್ಸು ಹೊರಡಲು ತಯಾರಾಗಿ ನಡುಗುತ್ತ ನಿಂತಿತ್ತು. ಕಿಟಕಿಯಿಂದ ವಿಭೂತಿಯ ಹಣೆ ಹೊರಬಂತು. ಹಿಂದಿನಿಂದ ದೇವಿದಾಸನ ನಗು ಕೇಳಿಸಿತು.

“ಲಗೂ ಬರ್ರಿ ಬಾಯಾರ, ನಿಮ್ಮ ನಿದ್ದಿಗೆ ತಡ ಆಗಾಕತ್ತದ!”

ನಾನು ನನ್ನ ಜಾಗದಲ್ಲಿ ಕೂತೆ. ಬಕ್ಕಪ್ಪ ಎಡಗೈಯನ್ನು ಎದೆಗೆ ಮುಟ್ಟಿಸಿದ. ಹಿಂದೆಲ್ಲ ಮುಟ್ಟಿ ತೆಗೆಯುತ್ತಿದ್ದ. ಆ ದಿನ, ಆಮೇಲೆ ಎಂಬತ್ತರ ದಶಕದಲ್ಲಿ ನಿವೃತ್ತನಾಗುವತನಕ ಪ್ರತಿ ಬೆಳಿಗ್ಗೆಯೂ, ಒಂದೆರಡು ಬಡಿತ ಆಗುವಷ್ಟು ಹೊತ್ತು ಕೈಯನ್ನು ಅಲ್ಲೇ ಇಟ್ಟುಕೊಂಡು, ಕೇಳಿಸಿಕೊಂಡು, ಆಮೇಲೆ ಗೇರು ಹಾಕಿದ.